ಬೋರಲು ಹಾಕಿದ ಲೋಟ

"ಅಲ್ಲೇನ್ ಬರ್ದವ್ರೆ, ಇನ್ನೊಂದ್ ಕಿತ ಓದವ್ವ" ಎಂದಳು ಸಾಕಮ್ಮ.

ತಮಿಳರ ಊರಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ರಚನಾ ಗೋಡೆಯ ಹಿತ್ತಾಳೆ ಫಲಕ ನೋಡಿದಳು. "ಎಪ್ಪತ್ನಾಲ್ಕರ ರೈಲ್ವೆ ಸ್ಟ್ರೈಕಲ್ಲಿ ಮಧ್ವರಾಜ್ ಸಾರ್ ಇದೇ ಟೀ ಅಂಗಡೀಲಿ ಎಲ್ಲರನ್ನೂ ಪೊಲೀಸಿಂದ ಕಾಪಾಡಿದ್ರಂತೆ, ಅಜ್ಜಿ."

"ನಿಮ್ ತಾತನ ಹೆಸ್ರು?"

"ಇಲ್ಲ."

ಸಾಕಮ್ಮನಿಗೆ ಮೈಯೆಲ್ಲ ಉರಿಯಿತು. ವೆಸ್ಟ್ ಮಾಂಬಲಂ ಸ್ಟೇಷನ್ನಿನ ಪಕ್ಕದ ಈ ಜಾಗದಲ್ಲೇ ಅವಳೂ ಗಂಡ ಅಂದಾನಿಯೂ ಹದಿನಾರು ವರ್ಷ ಟೀ ಕಾಸಿದ್ದರು. ಈಗ ಇಲ್ಲಿ ಏಸಿ ಹಾಕಿದ ಕಾಫಿ ಶಾಪು, ಇವತ್ತೇ ಉದ್ಘಾಟನೆ. ಆಗಲಿ, ಯಾರು ಬೇಡವೆಂದರು? ಆದರೆ ಸುಳ್ಳಿಗೂ ಒಂದು ಮಿತಿ ಬೇಡವೆ?

ಮುಷ್ಕರದ ದಿನಗಳಲ್ಲಿ ಇಲ್ಲಿ ಗುಟ್ಟಾಗಿ ಸೇರುತ್ತಿದ್ದ ರೈಲ್ವೆಯವರಿಗಾಗಿ ಅಂದಾನಿ ಒಂದು ಗುರುತು ಇಟ್ಟುಕೊಂಡಿದ್ದ. ಪೊಲೀಸರ ಸುಳಿವು ಸಿಕ್ಕರೆ ಮಾತಿಲ್ಲ ಕತೆಯಿಲ್ಲ, ಖಾಲಿ ಲೋಟವೊಂದನ್ನು ಬೋರಲು ಹಾಕುತ್ತಿದ್ದ. ಕಂಡವರು ಕಂಡಹಾಗೆ ಹಿಂಬಾಗಿಲಿನಿಂದ ಜಾಗ ಖಾಲಿ ಮಾಡಬೇಕು. ಕೊನೆಯ ದಿನ ಲೋಟ ಬೋರಲಾದಾಗ ಎಲ್ಲರೂ ಎದ್ದರು, ಮಧ್ವರಾಜ ಏಳಲಿಲ್ಲ. ಪೊಲೀಸರು ನುಗ್ಗಿ ಅಂದಾನಿಯ ಕಾಲು ಮುರಿಯುವಾಗಲೂ ಕೂತೇ ಟೀ ಕುಡಿದ. ಹೋಗುವಾಗ ಇನ್‌ಸ್ಪೆಕ್ಟರು ಮಧ್ವರಾಜನ ಭುಜ ತಟ್ಟಿದ್ದನ್ನು ಸಾಕಮ್ಮ ಕಣ್ಣಾರೆ ಕಂಡಿದ್ದಳು. ಹೇಳಿದರೆ ಯಾರೂ ನಂಬಲಿಲ್ಲ. ಅವನು ಯೂನಿಯನ್ ಮುಖಂಡ, ಇವಳು ಟೀ ಮಾರುವವಳು. ಅಂದಾನಿ ಸಾಯುವತನಕ ಕುಂಟಿದ.

ನಿವೃತ್ತ ರೈಲ್ವೆಯವರೆಲ್ಲ ಮೇಜುಗಳ ಸುತ್ತ ಕೂತಿದ್ದರು. ಎಲ್ಲರ ಮುಂದೆಯೂ ಒಂದೊಂದು ಖಾಲಿ ಲೋಟ. ಮಧ್ವರಾಜ ಮೈಕು ಹಿಡಿದು ಇವಳತ್ತ ಕೈ ಚಾಚಿದ.

"ಬನ್ನಿ ಸಾಕಮ್ಮ. ಪಾಪ, ಅಂದಾನಿ ನಾನು ಹೇಳಿದ ಹಾಗೆ ಕೇಳಿಕೊಂಡಿದ್ದ. ಮೊದಲ ಟೀ ನಿಮ್ಮ ಕೈಯಿಂದಲೇ ಆಗಲಿ."

ರಚನಾ ಸೆರಗು ಹಿಡಿದಳು. "ವೇಂಡಾಂ ಅಜ್ಜಿ, ಬೇಡ, ಮನೆಗೆ ಹೋಗೋಣ."

"ಬುಡು. ಕರೀತಾವ್ನೆ, ಕೊಟ್ಟೇ ಬತ್ತೀನಿ."

ಸಾಕಮ್ಮ ನೆಟ್ಟಗೆ ಹೋಗಿ ಅವನ ಮುಂದಿದ್ದ ಲೋಟವನ್ನು ಎತ್ತಿ, ಬೋರಲು ಹಾಕಿದಳು.

"ಕುಡೀರಿ ಸ್ವಾಮಿ. ಅವತ್ತೂ ಎಲ್ರೂ ಎದ್ದೋದ್ರು, ನೀವೊಬ್ರೇ ಕೂತ್ಕಂಡು ಕುಡುದ್ರಿ."

ಮಧ್ವರಾಜ ನಕ್ಕು ಸಭೆಯ ಕಡೆ ನೋಡಿದ. ಯಾರೂ ನಗಲಿಲ್ಲ. ಆ ದಿನ ಹಿಂಬಾಗಿಲಿನಿಂದ ಮೊದಲು ಓಡಿದ್ದ ಜಯರಾಮ ಸಾಕಮ್ಮನನ್ನೇ ನೋಡುತ್ತಿದ್ದ. ಈಗ ಎಪ್ಪತ್ತರ ಮುದುಕ. ಆಮೇಲೆ ತನ್ನ ಲೋಟವನ್ನು ಬೋರಲು ಹಾಕಿ, ಮಂಡಿ ಹಿಡಿದು ಎದ್ದು, ಬಾಗಿಲ ಕಡೆ ನಡೆದ.

ಪಕ್ಕದ ಮೇಜಿನಲ್ಲೊಂದು ಲೋಟ ಟಕ್ಕೆಂದಿತು. ಅದರಾಚೆ ಇನ್ನೊಂದು. ಮೈಕಿನಲ್ಲಿ ಮಧ್ವರಾಜ ಏನೋ ಹೇಳುತ್ತಲೇ ಇದ್ದ. ಗಾಜಿನ ಬಾಗಿಲಿಗೆ ಮುಚ್ಚಿಕೊಳ್ಳಲು ಬಿಡುವೇ ಸಿಗಲಿಲ್ಲ.