ಗೋಪುರದ ಕೆಳಗೆ ನಿಂತ ಮೂವರು

ನನ್ನ ಒಬ್ಬಳೇ ಮಗಳು ನೀಲಾಂಬಿಕಾ ಶಿವೈಕ್ಯಳಾಗಿ ಹತ್ತು ತಿಂಗಳಾಗಿತ್ತು. ಬೊಮ್ಮಸಂದ್ರದ ಔಷಧ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಲಗ್ಗೆರೆಯಿಂದ ಹೋಗಿ ಬರಲು ದಿನಕ್ಕೆ ನಾಲ್ಕು ಗಂಟೆ ಬಸ್ಸು. ಆ ನಾಲ್ಕು ಗಂಟೆಯೂ ಅವಳ ಕೈಯಲ್ಲಿ ಒಂದು ಸಣ್ಣ ಆಟದ ಯಂತ್ರವಿರುತ್ತಿತ್ತು.

ಅದರಲ್ಲಿ ಆಡುತ್ತಿದ್ದುದು ಜಪಾನಿನವರು ಮಾಡಿದ ಹಳೆಯ ಸಾಹಸದ ಆಟವೊಂದರ ಎರಡನೆಯ ಭಾಗ. ಮೊದಲನೆಯದರಲ್ಲಿ ವೀರನೊಬ್ಬ ಒಂಟಿಯಾಗಿ ಹೋಗಿ ಘಟಸರ್ಪವನ್ನು ಕೊಲ್ಲುತ್ತಾನಂತೆ. ಎರಡನೆಯದರಲ್ಲಿ ಅವನ ವಂಶದ ಮೂವರು ಒಟ್ಟಿಗೆ ಹೊರಡುತ್ತಾರೆ. "ಆಮೇಲೆ ಬಂದ ಎಷ್ಟೋ ಆಟ ಇದನ್ನ ನೋಡಿ ಕಲ್ತಿದ್ದು ಕಣಮ್ಮ. ಜೊತೇಲಿ ಹೋಗೋದನ್ನ ಹೇಳ್ಕೊಟ್ಟಿದ್ದೇ ಇದು" ಎನ್ನುತ್ತಿದ್ದಳು. ಆ ಮೂವರಿಗೆ ತನ್ನ ಹೆಸರು, ನನ್ನ ಹೆಸರು, ತೀರಿಹೋದ ಅವರಪ್ಪನ ಹೆಸರು ಇಟ್ಟಿದ್ದಳು. ಕೊನೆಯ ಗೋಪುರದ ಬಾಗಿಲಿಗೆ ಬಂದು, ಆಟವನ್ನು ಅಲ್ಲಿಗೇ ಸೇವ್ ಮಾಡಿಟ್ಟು ಆಸ್ಪತ್ರೆ ಸೇರಿದಳು. ಅಲ್ಲಿಂದ ಬರಲಿಲ್ಲ.

ಆಯುಧಪೂಜೆಯ ದಿನ ನಾನು ತಪ್ಪು ಮಾಡಿದೆ. ಇಪ್ಪತ್ತಾರು ವರ್ಷ ಪೀಣ್ಯದ ಕಾರ್ಖಾನೆಯಲ್ಲಿ ವಿದ್ಯುತ್ ಮೀಟರಿಗೆ ಬೆಸುಗೆ ಹಾಕಿದವಳು ನಾನು. ಆ ದಿನ ಯಂತ್ರಕ್ಕೆ ವಿಭೂತಿ ಹಚ್ಚದೆ ಇದ್ದವಳಲ್ಲ. ಮಗಳ ಯಂತ್ರವನ್ನು ದೇವರ ಜಗಲಿಯ ಮೇಲಿಟ್ಟು, ಒಳಗಿದ್ದ ಆಟದ ಕ್ಯಾಸೆಟ್ ಹೊರತೆಗೆದು, ಎರಡಕ್ಕೂ ಒದ್ದೆ ವಿಭೂತಿ ಬಳಿದೆ. ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳಿಗೂ ಬಳಿದೆ. ಮರುದಿನ ಆಟ ಹತ್ತಲಿಲ್ಲ.

ಭಾವ ಚನ್ನವೀರಪ್ಪನವರನ್ನು ಕರೆದುಕೊಂಡು ಮುಖ್ಯರಸ್ತೆಯ ಶಶಿಕುಮಾರನ ರಿಪೇರಿ ಅಂಗಡಿಗೆ ಹೋದೆ.

"ಏನಮ್ಮ ಇದು, ಇಷ್ಟೊಂದು ಸುಣ್ಣ?" ಎಂದ ಅವನು.

"ಸುಣ್ಣ ಅಲ್ಲಪ್ಪ, ವಿಭೂತಿ" ಎಂದರು ಭಾವ. "ನಮ್ಮ ಶಿವಲಿಂಗಮ್ಮ ಅದಕ್ಕೆ ಶಿವದೀಕ್ಷೆ ಕೊಟ್ಟವ್ಳೆ."

ಶಶಿಕುಮಾರ ನಕ್ಕು, ಸ್ಪಿರಿಟ್ಟಿನಿಂದ ಹಲ್ಲು ಒರೆಸಿ ಹಾಕಿದ. ಪರದೆ ಬೆಳಗಿತು. ಗೋಪುರದ ಕೆಳಗೆ ಮೂವರೂ ನಿಂತಿದ್ದರು. ನನ್ನ ಎದೆ ತಣ್ಣಗಾಯಿತು. ಅಷ್ಟರಲ್ಲಿ ಅವನು ಕ್ಯಾಸೆಟ್ಟನ್ನು ಹೊರತೆಗೆದು ಬಿಚ್ಚಿ ವೋಲ್ಟ್‌ಮೀಟರ್ ಇಟ್ಟು ನೋಡಿದ.

"ಒಳಗಿನ ಬ್ಯಾಟರಿ ಸಾಯ್ತಾ ಇದೆ. ಇದು ಹೋದ್ರೆ ಸೇವ್ ಆಗಿರೋದೆಲ್ಲ ಅಳ್ಸೋಗುತ್ತೆ. ಇವತ್ತೋ ನಾಳೆನೋ."

"ಹೊಸದು ಹಾಕು."

"ಹಳೇದು ಬಿಚ್ಚಿದ ಕ್ಷಣಾನೇ ಅಳ್ಸೋಗುತ್ತಮ್ಮ. ಹೊಸದಾಗಿ ಆಡ್ಬಹುದಲ್ಲ."

"ಫೋಟೋ ಹೊಡ್ಕೊಂಡು ಬಿಡು" ಎಂದರು ಭಾವ. "ಶಿವನಲ್ಲಿ ಐಕ್ಯ ಆದವಳನ್ನ ಈ ಡಬ್ಬೀಲಿ ಯಾಕೆ ಹುಡುಕ್ತೀಯ?"

"ಅವಳು ಎಲ್ಲವ್ಳೆ ಅಂತ ನಂಗೊತ್ತು ಭಾವ. ಹುಡುಕ್ತಿಲ್ಲ. ಇದು ಅವಳು ಮಾಡಿದ ಕೆಲಸ. ಅಳ್ಸಕ್ಕೆ ಬಿಡಲ್ಲ."

"ಆಟ ಆಡೋದೂ ಕಾಯಕಾನಾ?"

"ನೀವು ಮಠದ ಸಭೇಲಿ ನಿದ್ದೆ ಮಾಡೋದು ಕಾಯಕ ಆದ್ರೆ ಇದೂ ಕಾಯಕವೇ."

ಶಶಿಕುಮಾರ ನಗು ಮರೆಸಲು ತಲೆ ಬಗ್ಗಿಸಿಕೊಂಡ. ನಾನು ಅವನಿಗೆ ಹೇಳಿದೆ: ಹಳೆಯ ಬ್ಯಾಟರಿ ಇರುವಾಗಲೇ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಎರಡು ತಂತಿ ಎಳೆದು ಸೇರಿಸಬೇಕು. ಅದು ಕರೆಂಟು ಕೊಡುತ್ತಿರುವಾಗ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಬೇಕು. ಮೀಟರಿನ ಲೆಕ್ಕ ಅಳಿಯದಂತೆ ನಾವು ಮಾಡುತ್ತಿದ್ದುದು ಹೀಗೆಯೇ.

"ಗೊತ್ತಮ್ಮ. ಆದ್ರೆ ಕೈ ಒಂಚೂರು ಅಲ್ಲಾಡಿದ್ರೂ ಹೋಯ್ತು. ಆಮೇಲೆ ನೀವು ಅಳ್ತೀರ. ನಾನು ಮಾಡಲ್ಲ."

"ಹಂಗಾದ್ರೆ ಏಳು ಅಲ್ಲಿಂದ."

"ನಿನ್ನ ಕೈ ನೋಡ್ಕೊಂಡಿದೀಯಾ?" ಎಂದರು ಭಾವ. ನೋಡಿಕೊಂಡಿದ್ದೆ. ಲೋಟ ಹಿಡಿದರೆ ಕಾಫಿ ಚೆಲ್ಲುವ ಕೈ.

ಶಶಿಕುಮಾರ ಎದ್ದ. ನಾನು ಅವನ ಸ್ಟೂಲಿನ ಮೇಲೆ ಕುಳಿತು, ಎರಡು ಮೊಣಕೈಗಳನ್ನೂ ಮೇಜಿಗೆ ಊರಿ, ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡೆ. ವಯಸ್ಸಾದ ಹೆಂಗಸರು ಕಾರ್ಖಾನೆಯ ನಮ್ಮ ಸಾಲಿನಲ್ಲಿ ಹೀಗೆಯೇ ಕೂರುತ್ತಿದ್ದರು. ಆಗ ನಾನು ನಗುತ್ತಿದ್ದೆ. ಮನಸ್ಸಿನಲ್ಲಿ ಪಂಚಾಕ್ಷರಿ ಶುರುಮಾಡಿದೆ. ಪಕ್ಕದ ಬ್ಯಾಟರಿಯ ಎರಡು ತಂತಿ ಕೂತವು. ನಾನು ಬೆಸುಗೆ ಕರಗಿಸಿದಂತೆ ಶಶಿಕುಮಾರ ಚಿಮ್ಮಟದಲ್ಲಿ ಹಳೆಯ ಬ್ಯಾಟರಿ ಎತ್ತಿದ. ಹೊಸದರ ಒಂದು ಕಾಲು ಕೂತಿತು. ಎರಡನೆಯದಕ್ಕೆ ಹೋಗುವಾಗ ಬಲಗೈ ಜಾರಿ, ಮಣಿಕಟ್ಟು ಬಿಟ್ಟು ಬ್ಯಾಟರಿ ಒತ್ತಿಹಿಡಿದಿದ್ದ ಎಡಗೈ ಹೆಬ್ಬೆರಳಿಗೆ ಬೆಸುಗೆಕಡ್ಡಿಯ ಬಿಸಿ ತುದಿ ತಗುಲಿತು. ಚರ್ಮ ಸುಟ್ಟ ವಾಸನೆ ಬಂತು. ಕೈ ತೆಗೆಯಲಿಲ್ಲ. ತೆಗೆದಿದ್ದರೆ ತಂತಿ ಕಿತ್ತುಬರುತ್ತಿತ್ತು.

ಬೆಸುಗೆ ಆರಿತು. ತಂತಿ ಬಿಚ್ಚಿ, ಕ್ಯಾಸೆಟ್ ಮುಚ್ಚಿ ಯಂತ್ರಕ್ಕೆ ಹಾಕಿದೆವು. ಮೂವರೂ ಇದ್ದರು.

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. "ಉಳೀತಲ್ಲ ಶಿವಲಿಂಗಮ್ಮ. ಇನ್ನು ಬೀರುವಿನಲ್ಲಿ ಇಟ್ಬಿಡು. ಯಾರೂ ಮುಟ್ಟೋದು ಬೇಡ."

ಅವರು ಹೇಳಿದ್ದು ಪ್ರೀತಿಯಿಂದಲೇ. ಆದರೆ ಮಗಳನ್ನು ಒಂದು ಸಲ ಮಣ್ಣಿಗಿಟ್ಟು ಬಂದಿದ್ದೆ. ಆಟದೊಳಗಿನ ಇವಳನ್ನೂ ಬೀರುವಿನಲ್ಲಿ ಹೂಳಲಾರೆ.

"ಗೋಪುರ ಹತ್ತೋದು ಯಾವ ಗುಂಡಿ ಶಶಿ?"

"ಅಮ್ಮ, ಒಳಗೆ ಹೋದ್ರೆ ಕಷ್ಟ. ಸೋತ್ರೆ ದೂರದ ಊರಿಂದ ಮತ್ತೆ ನಡ್ಕೊಂಡ್ ಬರ್ಬೇಕು."

"ಬರೋಣ."

ಅವನು ತೋರಿಸಿದ ಗುಂಡಿ ಒತ್ತಿದೆ. ಮೂವರೂ ಗೋಪುರದ ಒಳಗೆ ಹೋದರು. ನಾಲ್ಕು ಹೆಜ್ಜೆಗೆ ರೆಕ್ಕೆಯ ಪ್ರಾಣಿಯೊಂದು ಅಡ್ಡ ಬಂತು. ಮೊದಲ ಏಟು ನನ್ನ ಹೆಸರಿನವಳ ಮೇಲೇ ಬಿತ್ತು.

"ಓಡಿಹೋಗೋದು ಅಂತ ಒತ್ಬಹುದು ಅಮ್ಮ, ಕೆಳಗಡೆ ಇದೆ ನೋಡಿ."

"ಓಡಲ್ಲ ಕಣಪ್ಪ" ಎಂದೆ. "ಹೊಡೆಯೋದು ಎಲ್ಲಿದೆ ತೋರ್ಸು."