ಹಸಿರು ಚೀಟಿ, ಬಿಳಿ ಚೀಟಿ

ಅಪ್ಪನ ಕಾರಿನ ಅಡಿಯಲ್ಲಿದ್ದ ತಗಡಿನ ತಟ್ಟೆಯನ್ನು ಹೇಜಲ್ ಬಗ್ಗಿ ಎಳೆಯುತ್ತಿದ್ದಾಗಲೇ ಶವದ ಗಾಡಿ ಬೀದಿ ತಿರುಗಿ ಬಂತು. ತಟ್ಟೆಯಲ್ಲಿ ತಳ ಕಾಣದಷ್ಟು ಕಪ್ಪು ಎಣ್ಣೆ. ಒಂದು ಕಾಲದಲ್ಲಿ ಅಮ್ಮ ಭಾನುವಾರದ ಮಾಂಸವನ್ನು ಒಲೆಗಿಡುತ್ತಿದ್ದ ತಟ್ಟೆ ಅದು. ಆರ್ಡನ್ ಕಾರು ಎಂದರೆ ಎಣ್ಣೆ ತೊಟ್ಟಿಕ್ಕುವ ಕಾರು. ಈ ಬೀದಿಯಲ್ಲಿ ಹಿಂದೆ ಪ್ರತಿ ಮನೆಯ ಮುಂದೂ ಒಂದು ಆರ್ಡನ್, ಅದರ ಕೆಳಗೊಂದು ತಟ್ಟೆ ಇರುತ್ತಿದ್ದವು. ಈಗ ಉಳಿದಿರುವುದು ಅಪ್ಪನದೊಂದೇ.

"ಹೇಜಲ್!" ಬಾಗಿಲಲ್ಲಿ ನಿಂತ ಅಮ್ಮ ವಿನಿಫ್ರೆಡ್ ಕೂಗಿದಳು. "ಅದು ಜರ್ಮನಿ ಗಾಡಿ ಕಣೇ! ನಿಮ್ಮಪ್ಪ ಎದ್ದು ನಡ್ಕೊಂಡೇ ಹೋಗ್ತಾರೆ, ನೋಡ್ತಿರು."

ಅಂತ್ಯಕ್ರಿಯೆ ನಡೆಸಿಕೊಡುವ ಪಾರ್ಜಿಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮೇಡಂ, ಮುಂದಿನ ಭಾಗ ಜರ್ಮನಿಯದು, ಒಪ್ಕೋತೀನಿ. ಹಿಂದಿನದೆಲ್ಲ ನಮ್ಮ ಲ್ಯಾಂಕಾಶೈರಲ್ಲಿ ಕಟ್ಟಿದ್ದು. ಯಜಮಾನರು ಮಲಗೋದು ಹಿಂದೆ ತಾನೇ?"

ಅಮ್ಮ ಒಂದು ಗಳಿಗೆ ಯೋಚಿಸಿದಳು. "ಹಾಗಾದ್ರೆ ಸರಿ," ಎಂದಳು.

ಬೇರೆ ದಿನವಾಗಿದ್ದರೆ ಹೇಜಲ್ ನಗುತ್ತಿದ್ದಳು. ಈಗ ನಗುವೂ ಬರಲಿಲ್ಲ, ಅಳುವೂ ಬಂದಿರಲಿಲ್ಲ. ಅಪ್ಪ ಹೊರೇಸ್ ಡಗ್ಮೋರ್ ಸತ್ತು ಹನ್ನೆರಡು ದಿನ. ಅಂದಿನಿಂದ ಮನಸ್ಸಿಗೆ ಜೋಮು ಹಿಡಿದ ಹಾಗಿತ್ತು. ಎಚ್ಚರವಾಗಿ ಉಳಿದಿದ್ದದ್ದು ಒಂದೇ ಒಂದು ಪ್ರಶ್ನೆ: ಅಪ್ಪ ತನ್ನ ಮೇಲಿನ ಸಿಟ್ಟನ್ನು ಹೊತ್ತುಕೊಂಡೇ ಹೋದನೇ?

ಅವಳ ಸ್ವಂತ ಕಾರು ಬೀದಿಯ ಕೊನೆಯಲ್ಲಿ, ದೀಪದ ಕಂಬದ ಪಕ್ಕ ನಿಂತಿತ್ತು. ಹನ್ನೆರಡು ವರ್ಷದಿಂದ ಅದರ ಜಾಗ ಅದೇ. ಕಿತಾನೊ ಎಂಬ ಜಪಾನಿನ ಹೆಸರು ಹೊತ್ತ ಕಾರು ಅಪ್ಪನ ಅಂಗಳಕ್ಕೆ ಬರುವ ಹಾಗಿರಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಸಿಕ್ಕ ಅವನ ಕೊನೆಯ ಚೀಟಿಯಲ್ಲೂ ಅದೇ ಮಾತು: ಮನೆಯವರು ಆರ್ಡನ್‌ನಲ್ಲೇ ನನ್ನ ಹಿಂದೆ ಬರಬೇಕು, ಬೇರೆ ದೇಶದ್ದು ಬೇಡ.

ಹೇಜಲ್ ಅಪ್ಪನ ಸೀಟನ್ನು ಮುಂದಕ್ಕೆ ಜರುಗಿಸಿ ಕೂತು ಕೀಲಿ ತಿರುಗಿಸಿದಳು. ಒಂದೇ ಏಟಿಗೆ ಹೊರಟಿತು.

*

ಹಳೆಯ ಕಿತಾನೊವನ್ನು ಕೊಂಡು ತಂದ ದಿನ ಅವಳಿಗೆ ಎಷ್ಟು ಹಿಗ್ಗು! ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಬಾರಿಸಿದ್ದಳು. ಅಪ್ಪ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಬಂದ. ಕಾರಿನ ಹೆಸರು ನೋಡಿ ಅಲ್ಲೇ ನಿಂತುಬಿಟ್ಟ.

"ತೆಗಿ ಅದನ್ನ ಇಲ್ಲಿಂದ."

"ಅಪ್ಪಾ, ಇದು ನಿಮ್ಮ ಕಾರ್ಖಾನೇಲೇ ಆದದ್ದು! ಬಹುಶಃ ಹೆಸರು ಕೂರಿಸಿದ್ದೂ ನೀನೇ!"

ಅವಳು ಹೇಳಿದ್ದು ಸುಳ್ಳಲ್ಲ. ಆ ಕಾರು ತಯಾರಾದ ವರ್ಷಗಳಲ್ಲಿ ಆರ್ಡನ್ ಕಾರ್ಖಾನೆಯ ಒಂದೇ ಜೋಡಣೆ ಸಾಲಿನಲ್ಲಿ ಎರಡು ಕಂಪನಿಯ ಕಾರುಗಳು ಬರುತ್ತಿದ್ದವು. ಅದೇ ಮೈ, ಅದೇ ಬಾಗಿಲು, ಅದೇ ಸೀಟು. ಎಂಜಿನ್ ಮಾತ್ರ ಬೇರೆ. ಕನ್ನಡಿಗೆ ಹಸಿರು ಚೀಟಿ ಕಟ್ಟಿದ್ದರೆ ಆರ್ಡನ್, ಬಿಳಿ ಚೀಟಿ ಇದ್ದರೆ ಕಿತಾನೊ. ಸಾಲಿನ ಕೊನೆಯಲ್ಲಿ ನಿಂತು ಚೀಟಿ ನೋಡಿ, ತೂತು ಕೊರೆದು, ಹೆಸರಿನ ಬಿಲ್ಲೆ ಕೂರಿಸುವುದು ಹೊರೇಸನ ಕೆಲಸ.

"ಮಾಡಿದ್ದು ನಾವು. ಹೆಸರು ಅವರದು," ಅಪ್ಪ ಹೇಳಿದ್ದ. "ಹೆಸರು ಯಾರದೋ ಕಾರು ಅವರದೇ. ಕಂಬದ ಹತ್ರ ನಿಲ್ಸು."

ಅಷ್ಟೇ. ಮಾತು ಬಿಡಲಿಲ್ಲ, ಕ್ರಿಸ್‌ಮಸ್ ಊಟ ಬಿಡಲಿಲ್ಲ. ಆದರೆ ಆ ಕಾರಿನೊಳಗೆ ಒಂದು ಸಲವೂ ಕೂರಲಿಲ್ಲ. ಕೊನೆಗೆ ಕಣ್ಣು ಮಂಜಾಗಿ, ಎದೆನೋವು ಶುರುವಾಗಿ, ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಬೇಕಾದಾಗಲೂ, ತನ್ನ ಆರ್ಡನ್ನಿನ ಕೀಲಿಯನ್ನೂ ಅವಳ ಕೈಗೆ ಕೊಡದೆ, ಎರಡು ಬಸ್ಸು ಬದಲಿಸಿಕೊಂಡು ಹೋದ. ಹೇಜಲ್ ತನ್ನ ಕಾರನ್ನು ಕಂಬದ ಹತ್ತಿರ ಬಿಟ್ಟು ಬಸ್ಸಿನಲ್ಲಿ ಅವನ ಪಕ್ಕ ಕೂರುತ್ತಿದ್ದಳು. ಪ್ರತಿ ತಿರುವಿನಲ್ಲೂ ಅಪ್ಪನ ಭುಜ ಅವಳಿಗೆ ತಾಗುತ್ತಿತ್ತು.

*

ಕಾರ್ಖಾನೆಯವನು ಯಾರೇ ಸತ್ತರೂ ಶವದ ಗಾಡಿ ಮೂರನೇ ಗೇಟಿನ ಮುಂದೆ ಒಂದು ನಿಮಿಷ ನಿಲ್ಲಬೇಕು, ಅದು ಇಲ್ಲಿನ ಪದ್ಧತಿ. ಗೇಟು ಮಾತ್ರ ಉಳಿದಿತ್ತು. ಒಳಗೆ ಕಾರ್ಖಾನೆ ಇದ್ದ ಕಡೆ ಈಗ ದೊಡ್ಡ ಅಂಗಡಿ, ಜನ ತಳ್ಳುಗಾಡಿ ತುಂಬಿಕೊಂಡು ಓಡಾಡುತ್ತಿದ್ದರು. ಹತ್ತು ಹನ್ನೆರಡು ಮುದುಕರು ಟೋಪಿ ತೆಗೆದು ನಿಂತಿದ್ದರು. ಅವರ ನಡುವೆ ನೀಲಿ ಪೇಟದ ಗುರ್ಮೇಜ್ ಸಿಂಗ್. ಹೊರೇಸನ ಪಕ್ಕದಲ್ಲೇ ಹತ್ತೊಂಬತ್ತು ವರ್ಷ ಬಾಗಿಲು ಜೋಡಿಸಿದವನು.

ಮಣ್ಣು ಮಾಡಿ ಎಲ್ಲರೂ ಕ್ಲಬ್ಬಿಗೆ ಬಂದರು. ಹ್ಯಾಮ್ ಸ್ಯಾಂಡ್‌ವಿಚ್, ಚಹಾ, ಬಿಯರ್. ಹೊರೇಸನ ಅಣ್ಣನ ಮಗ ಕ್ಲೈವ್ ಕಿಟಕಿಯಾಚೆ ತನ್ನ ಹೊಸ ಕಾರು ತೋರಿಸಿದ.

"ಹೊಸ ಆರ್ಡನ್! ಚಿಕ್ಕಪ್ಪ ನೋಡಿದ್ರೆ ಕುಣಿದುಬಿಡ್ತಿದ್ರು."

"ಥೂ, ಚೀನಾದಲ್ಲಿ ಮಾಡಿದ್ದು," ಒಬ್ಬ ಮುದುಕ ಸಿಡುಕಿದ. "ನಮ್ಮ ಯಂತ್ರ ಬಿಚ್ಚಿ ಹಡಗಿಗೆ ಹಾಕ್ಕೊಂಡು ಹೋದ್ರಲ್ಲ, ಅವ್ರು ಮಾಡಿದ್ದು."

"ಹೆಸರು ಆರ್ಡನ್ ಅಂತಾನೇ ಇದ್ಯಲ್ಲ? ಹೆಸರು ಯಾರದೋ ಕಾರು ಅವರದು ಅಂತ ಚಿಕ್ಕಪ್ಪನೇ ಹೇಳ್ತಿದ್ರು."

"ಹೆಸರನ್ನೇ ಮಾರಿಯಾಯ್ತಲ್ಲೋ, ಪೆದ್ದ! ಈಗ ಆ ಹೆಸರು ಯಾರದು?"

"ಹಾಗಾದ್ರೆ ಹೇಜಲ್ ಕಾರೇ ನಮ್ಮದು ಅನ್ನಿ. ಇಲ್ಲೇ ಆಗಿದ್ದು ತಾನೇ!"

ಎಲ್ಲರೂ ಒಟ್ಟಿಗೆ ಬಾಯಿ ಹಾಕಿದರು. ಅಮ್ಮ ಚಹಾ ಕಲಕುತ್ತಿದ್ದಳು. ಹೇಜಲ್ ಎದ್ದು ಹೊರಗೆ ಬಂದಳು. ಗುರ್ಮೇಜ್ ಹಿಂದೆಯೇ ಬಂದ.

"ಗುರ್ಮೇಜ್ ಅಂಕಲ್, ಒಂದು ಮಾತು ಹೇಳಿ. ಅಪ್ಪಂಗೆ ನನ್ನ ಮೇಲೆ ಅಷ್ಟು ಸಿಟ್ಟಿತ್ತಾ?"

ಗುರ್ಮೇಜ್ ಗಡ್ಡ ನೀವಿಕೊಂಡ. "ಸಿಟ್ಟಲ್ಲ ಮಗಳೇ, ನಾಚಿಕೆ. ಅವನು ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ದ, ತಾನು ಬದುಕಿರೋವರೆಗೂ ಬಾಯಿ ಬಿಡಬಾರ್ದು ಅಂತ. ಈ ಬೀದೀಲಿ ಬೇರೆ ಎಲ್ಲರ ಆರ್ಡನ್ನೂ ಹತ್ತು ವರ್ಷಕ್ಕೆ ಗುಜರಿಗೆ ಹೋಯ್ತು. ಇವನದೊಂದೇ ಇಪ್ಪತ್ತೆರಡು ವರ್ಷ ಓಡ್ತು. ಯಾಕೆ ಅಂತ ಒಂದಿನಾನೂ ಅನ್ನಿಸಲಿಲ್ವಾ ನಿಂಗೆ?"

"ಯಾಕೆ?"

"ಅದು ಬಿಳಿ ಚೀಟಿ ಕಾರು."

ಹೇಜಲ್‌ಗೆ ಮೊದಲು ಅರ್ಥವೇ ಆಗಲಿಲ್ಲ.

"ಅವತ್ತು ನೀನು ಫೋನ್ ಮಾಡಿದ್ದೆ, ಡ್ರೈವಿಂಗ್ ಪರೀಕ್ಷೆ ಪಾಸಾಯ್ತು ಅಂತ. ಇವನು ಸಾಲಿನ ಆ ತುದಿಯಿಂದ ಈ ತುದಿಗೆ ಸಾರಿದ್ದೇ ಸಾರಿದ್ದು. ಅದೇ ಗುಂಗಿನಲ್ಲಿ ಕಿತಾನೊಗೆ ತೂತು ಕೊರೆದು ಆರ್ಡನ್ ಬಿಲ್ಲೆ ಜಡಿದುಬಿಟ್ಟ. ಕೊರೆದ ಮೇಲೆ ಮುಚ್ಚೋ ಹಾಗಿಲ್ಲ. ಮೇಸ್ತ್ರಿ ಒಳ್ಳೆಯವನು. 'ನೀನೇ ತಗೊಂಡ್ಬಿಡು ಹೊರೇಸ್, ಹೊರಗಿನವರ ಕೈಗೆ ಹೋದ್ರೆ ಇಬ್ಬರದೂ ಕೆಲಸ ಹೋಗುತ್ತೆ' ಅಂದ."

"ಅದಕ್ಕೇ ಯಾವ ಮೆಕ್ಯಾನಿಕ್‌ಗೂ ಮುಟ್ಟೋಕೆ ಬಿಡ್ತಿರಲಿಲ್ಲ..."

"ನಿನ್ನ ಕಾರಲ್ಲಿ ಕೂತರೆ ಅದೇ ಎಂಜಿನ್ ಸದ್ದು ಅಲ್ವಾ? ಬೀದಿಗೆಲ್ಲ ಇಂಗ್ಲಿಷ್ ಎಂಜಿನ್ನು ಅಂತ ಎದೆ ತಟ್ಕೊಂಡವನು ಯಾವ ಮುಖ ಇಟ್ಕೊಂಡು ಕೂರ್ತಾನೆ?"

"ಅದಕ್ಕೆ ಎರಡು ಬಸ್ಸು!" ಹೇಜಲ್‌ಗೆ ಹನ್ನೆರಡು ದಿನದಲ್ಲಿ ಮೊದಲ ಸಲ ಮೈ ಉರಿಯಿತು. "ಎದೆನೋವು ಇಟ್ಕೊಂಡು ಎರಡು ಬಸ್ಸು! ಹಠಮಾರಿ ಮುದುಕ!"

"ಹೌದಮ್ಮ, ಹಠಮಾರಿ," ಗುರ್ಮೇಜ್ ಒಪ್ಪಿಕೊಂಡ. "ಅವನ ಕಾರಿನ ಡಿಕ್ಕಿ ಬಾಗಿಲಿನ ಒಳಗಿನ ಹಲಗೆ ಬಿಚ್ಚಿ ನೋಡು. ನಾವೆಲ್ಲ ಹಲಗೆ ಮುಚ್ಚೋ ಮೊದಲು ಮೇಣದ ಕಡ್ಡೀಲಿ ಏನಾದ್ರೂ ಗೀಚ್ತಿದ್ವಿ. ಫುಟ್‌ಬಾಲ್ ಗೋಲು, ಮಕ್ಕಳ ಹೆಸರು. ಕೊಂಡವನಿಗೆ ಕಾಣಲ್ಲ."

*

ಮನೆಗೆ ಬಂದ ಮೇಲೆ, ಇನ್ನೂ ಬೆಳಕಿರುವಾಗಲೇ, ಹೇಜಲ್ ಅಂಗಳದಲ್ಲಿ ಅಪ್ಪನ ಕಾರಿನ ಡಿಕ್ಕಿ ತೆರೆದು ಹಲಗೆಯನ್ನು ಹಿಡಿದಿದ್ದ ಗುಬುಟುಗಳನ್ನು ಒಂದೊಂದಾಗಿ ಕಿತ್ತಳು. ಒಳಗಿನ ತಗಡಿನ ಮೇಲೆ ಹಳದಿ ಮೇಣದ ಅಕ್ಷರಗಳು, ಅಪ್ಪನ ಓರೆ ಕೈಬರಹ:

ಹೇಜಲ್ ಪಾಸು. ನಾಲ್ಕನೇ ಸಲಕ್ಕೆ.

ಅವಳು ತುಂಬ ಹೊತ್ತು ಓದಿದಳು, ಅಲ್ಲಿ ಪುಟಗಟ್ಟಲೆ ಬರೆದಿದ್ದ ಹಾಗೆ. ಮುಟ್ಟಲಿಲ್ಲ. ಮುಟ್ಟಿದರೆ ಅಳಿಸಿಹೋದೀತು. ಹಲಗೆ ಮತ್ತೆ ಇಟ್ಟು ಗುಬುಟುಗಳನ್ನು ಹೆಬ್ಬೆರಳಿನಿಂದ ಒತ್ತಿದಳು. ಆಮೇಲೆ ಬೀದಿಯ ಕೊನೆಗೆ ನಡೆದು ಹೋಗಿ, ಕಂಬದ ಪಕ್ಕದಿಂದ ತನ್ನ ಕಾರನ್ನು ತಂದು ಅಪ್ಪನ ಕಾರಿನ ಮಗ್ಗುಲಲ್ಲಿ ನಿಲ್ಲಿಸಿದಳು. ಎಂಜಿನ್ ನಿಂತ ಮೇಲೂ ಇಳಿಯಲಿಲ್ಲ.

ಅಮ್ಮ ಚಪ್ಪಲಿ ಎಳೆದುಕೊಂಡು ಹೊರಗೆ ಬಂದಳು. ಬೈಯುವಳೇನೋ ಎಂದುಕೊಂಡು ಹೇಜಲ್ ಗಾಜು ಇಳಿಸಿದಳು.

"ಅಮ್ಮಾ, ಅಪ್ಪನ ಕಾರು..."

"ಗೊತ್ತು ಬಿಡೇ. ಆ ಕಾರು ಇಪ್ಪತ್ತೆರಡು ವರ್ಷದಲ್ಲಿ ಒಂದು ತೊಟ್ಟು ಎಣ್ಣೆ ಸೋರಿಲ್ಲ."

ಗೋಡೆಗೆ ಒರಗಿಸಿದ್ದ ತಟ್ಟೆಯನ್ನು ಅಮ್ಮ ತಂದಳು. ಬೆಳಿಗ್ಗೆ ಹೇಜಲ್ ಅದನ್ನು ಚರಂಡಿಯ ಹತ್ತಿರ ಬರಿದು ಮಾಡಿಟ್ಟಿದ್ದಳು. ಅಮ್ಮ ಸೊಂಟ ಹಿಡಿದುಕೊಂಡು ಬಗ್ಗಿ, ಆ ತಟ್ಟೆಯನ್ನು ಕಿತಾನೊ ಕೆಳಗೆ ತಳ್ಳಿದಳು. ಆಮೇಲೆ ಏಪ್ರನ್ನಿನ ಜೇಬಿನಿಂದ ಅಪ್ಪನ ಪುಟ್ಟ ಎಣ್ಣೆಕುಡಿಕೆ ತೆಗೆದು, ಬೀದಿಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ತಿರುಗಿ ನೋಡಿ, ತಟ್ಟೆಗೆ ನಾಲ್ಕು ತೊಟ್ಟು ಬಿಟ್ಟಳು.