ನಾಲ್ಕು ಸೆಕೆಂಡಿನ ಗುಟ್ಟು

ನನ್ನ ಕೆಲಸ ಒಂದೇ. ಎಲ್ಲಿ ಸೋಲುತ್ತದೆ ಎಂದು ನೋಡಲು ನಮ್ಮ ಕಂಪನಿಯ ಫೈರ್‌ವಾಲ್‌ಗೆ ದಿನವಿಡೀ ಕಾಟ ಕೊಡುವುದು. ಆಸ್ಪತ್ರೆ, ಬ್ಯಾಂಕುಗಳ ನೆಟ್‌ವರ್ಕಿನ ಬಾಗಿಲಲ್ಲಿ ನಿಂತು, ಒಳಗೆ ಬರುವ ಸಂದೇಶಗಳನ್ನೆಲ್ಲ ತಪಾಸಣೆ ಮಾಡುವ ಸಾಫ್ಟ್‌ವೇರ್ ಅದು. "ಚಿಕ್ಕೋಳಿದ್ದಾಗ ಬಿಟ್ಟಿ ಮಾಡ್ತಿದ್ದೆ, ಈಗ ಸಂಬಳಕ್ಕೆ ಮಾಡ್ತೀಯ" ಅನ್ನುತ್ತಾಳೆ ಅಮ್ಮ.

ಆ ಫೈರ್‌ವಾಲ್ ಬರೆದವರು ಅಮ್ಮನ ಅಣ್ಣ, ನನ್ನ ಸೋದರಮಾವ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ 'ಕೋಟೆ ಸರ್'. ಅವರ ಕೋಟೆ ಹದಿನೈದು ವರ್ಷದಲ್ಲಿ ಒಮ್ಮೆಯೂ ಬಿದ್ದಿಲ್ಲ ಎಂದು ಹೊಸಬರಿಗೆಲ್ಲ ಹೇಳುತ್ತಾರೆ. ಇನ್ನೊಂದು ತಿಂಗಳಿಗೆ ಅವರ ನಿವೃತ್ತಿ.

ಒಂದು ಮಂಗಳವಾರ ಊಟ ಮುಗಿಸಿ ಬಂದವಳು, ಕೈ ಸುಮ್ಮನಿರದೆ ಒಂದು ತರಲೆ ಸಂದೇಶ ಕಳಿಸಿದೆ. 'ನನ್ನೊಳಗೆ ಸಾವಿರ ಅಕ್ಷರ ಇದೆ' ಎಂದು ಮೇಲೆ ಬರೆದುಕೊಂಡು, ಒಳಗೆ ಒಂದೂ ಇಲ್ಲದ ಸಂದೇಶ. ಇಲ್ಲದ್ದನ್ನು ಹುಡುಕಲು ಹೋದ ಫೈರ್‌ವಾಲ್ ದೊಪ್ಪನೆ ಬಿತ್ತು! ನಾನು ಎದ್ದು ಕುಣಿಯುವಷ್ಟರಲ್ಲಿ, ಏನೂ ಆಗದವರ ಹಾಗೆ ಮತ್ತೆ ಎದ್ದು ನಿಂತಿತು. ನಾಲ್ಕೇ ಸೆಕೆಂಡು. ಬಿಡುತ್ತೇನೆಯೇ? ಸೆಕೆಂಡಿಗೊಂದರಂತೆ ಕಳಿಸಿದೆ. ಆಮೇಲೆ ಅದು ಏಳಲೇ ಇಲ್ಲ. ಯಾರಾದರೂ ಕಿಡಿಗೇಡಿ ಹೀಗೆ ಮಾಡಿದರೆ ಒಂದಿಡೀ ಆಸ್ಪತ್ರೆಯ ಕೆಲಸ ನಿಂತುಹೋಗುತ್ತದೆ.

ಮೊದಲ ಸಲ ಅಷ್ಟು ಬೇಗ ಎದ್ದದ್ದು ಹೇಗೆ ಎಂದು ಕೋಡ್ ಕೆದಕಿದೆ. ಬಿದ್ದದ್ದನ್ನು ಎಲ್ಲೂ ದಾಖಲಿಸದೆ, ಸದ್ದಿಲ್ಲದೆ ಎಬ್ಬಿಸುವ ಹತ್ತು ಸಾಲು ಸಿಕ್ಕಿತು. ಮೂರು ವರ್ಷ ಹಳೆಯದು, ಬರೆದವರು ಮಾವ. ಅಂದರೆ ಅವರಿಗೆ ಗೊತ್ತಿತ್ತು. ಹೇಳಿದರೆ ಮಾವನ ಮರ್ಯಾದೆ ಮಣ್ಣುಪಾಲು. ಹೇಳದಿದ್ದರೆ ಆಸ್ಪತ್ರೆಗಳ ಗತಿ?

ನೇರ ಅವರ ಕೋಣೆಗೇ ಹೋದೆ.

"ಮಾವ, ಖಾಲಿ ಸಂದೇಶಕ್ಕೆ ನಿಮ್ಮ ಕೋಟೆ ಬೀಳುತ್ತೆ."

ಡ್ರಾಯರ್ ಖಾಲಿ ಮಾಡುತ್ತಿದ್ದವರು ತಲೆ ಎತ್ತಲಿಲ್ಲ. "ಸರಿಮಾಡೋಕೆ ಬುಡದಿಂದ ಬಿಚ್ಚಬೇಕಿತ್ತು ಕಣೇ. ಎಲ್ರೂ ಕೋಟೆ ಸರ್, ಕೋಟೆ ಸರ್ ಅಂತಿದ್ರು. ಬಾಯಿ ಬರಲಿಲ್ಲ."

"ಬಾಯಿ ಬರಲಿಲ್ವಂತೆ! ಸುಳ್ಳು ಹೇಳಿದ್ದಕ್ಕೆ ನನ್ನ ಕಿವಿ ಹಿಂಡಿದ್ದು ಯಾರು ಹಾಗಾದ್ರೆ?"

ಸಿಟ್ಟಿನಲ್ಲಿ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕೂತೆ. ದೋಷ ಸಿಕ್ಕಿದೆ ಎಂದಷ್ಟೇ ಮ್ಯಾನೇಜರಿಗೆ ತಿಳಿಸಿದೆವು. ಹನ್ನೊಂದು ದಿನ ಬೈದಾಡಿಕೊಂಡು, ಬಿಸ್ಕತ್ತು ಹಂಚಿಕೊಂಡು ಬುಡದಿಂದಲೇ ಬಿಚ್ಚಿ ಕಟ್ಟಿದೆವು. ತರಲೆ ಸಂದೇಶ ಲಕ್ಷ ಸಲ ಕಳಿಸಿದರೂ ಈಗ ಅದು ಜಗ್ಗಲಿಲ್ಲ.

ಇನ್ನು ಉಳಿದದ್ದು ಗ್ರಾಹಕರಿಗೆಲ್ಲ ಎಚ್ಚರಿಕೆಯ ಪತ್ರ. ದೋಷ ಏನು, ಪರಿಹಾರ ಏನು ಎಂದು ಬರೆದು, ಕೊನೆಗೆ ಕಂಡುಹಿಡಿದವರ ಹೆಸರು ಹಾಕಿ ಧನ್ಯವಾದ ಹೇಳುವುದು ಈ ಕಸುಬಿನ ರೂಢಿ. ಎಷ್ಟೇ ಸಿಟ್ಟಿದ್ದರೂ ಕರುಳು ಕೇಳಬೇಕಲ್ಲ! ಅಲ್ಲಿ ಮಾವನ ಹೆಸರು ಹಾಕಿದೆ. ಮೊದಲು ಕಂಡವರು ಅವರೇ ತಾನೇ? ಸುಳ್ಳೂ ಅಲ್ಲ, ಮಾನವೂ ಉಳಿಯುತ್ತದೆ.

ಮಾವ ಕನ್ನಡಕ ಏರಿಸಿ ಓದಿದರು. ತಮ್ಮ ಹೆಸರು ಅಳಿಸಿ ನನ್ನದು ಹಾಕಿದರು. ಅದರ ಕೆಳಗೆ, ಯಾವ ಪತ್ರದಲ್ಲೂ ಇರದ ಇನ್ನೊಂದು ಸಾಲು ಸೇರಿಸಿದರು: 'ಮೂರು ವರ್ಷ ಮುಚ್ಚಿಟ್ಟವರು'. ಅದರ ಮುಂದೆ ತಮ್ಮ ಪೂರ್ತಿ ಹೆಸರು.

"ಮಾವ, ಬೇಡ. ಇನ್ನು ಮೂರೇ ವಾರ..."

"ಕಳಿಸು."

ನನಗೆ ಅಳು ಬಂತು, ಕೈ ಏಳಲಿಲ್ಲ. ಅವರೇ ಬಗ್ಗಿ ಗುಂಡಿ ಒತ್ತಿದರು.